ತಲೆ ನೋಡಿ ದೇಶದ ಪ್ರಾಯ

ಕೊಟ್ಟಿಗೆಹಾರದಲ್ಲಿ ನನಗೆ ಕ್ಷೌರ ಮಾಡುತ್ತಿದ್ದವರಿಗೆ ಜನಗಣತಿಯವರ ಮೇಲೆ ನಂಬಿಕೆಯಿರಲಿಲ್ಲ. ಯಾವ ದೇಶಕ್ಕೆ ಎಷ್ಟು ವಯಸ್ಸಾಗಿದೆ ಎಂದು ಟಿವಿಯಲ್ಲಿ ಕಾಣುವ ತಲೆಗಳನ್ನು ನೋಡಿಯೇ ಹೇಳುತ್ತಿದ್ದರು. ಸುದ್ದಿಯಲ್ಲಿ ಜನಸಂದಣಿ ಕಂಡರೆ ಸಾಕು, ಕತ್ತರಿ ನಿಲ್ಲಿಸಿ ನನ್ನ ತಲೆಯನ್ನೂ ಆ ಕಡೆಗೇ ತಿರುಗಿಸುತ್ತಿದ್ದರು.

“ಜಪಾನ್ ನೋಡಿ ಮಾರಾಯ್ರೆ, ಪೂರ್ತಿ ನರೆತು ಹೋಗಿದೆ. ಇಟಲಿದೂ ಅದೇ ಕತೆ. ಚೀನಾ ಮೊನ್ನೆ ಮೊನ್ನೆವರೆಗೆ ಕಪ್ಪಗಿತ್ತು, ಈಗ ಕಿವಿ ಹತ್ರ ಶುರುವಾಗಿದೆ.”

“ನಮ್ಮದು?” ಎಂದು ಕೇಳಿದರೆ ಎದುರಿನ ಬಸ್‌ಸ್ಟ್ಯಾಂಡಿನತ್ತ ಬಾಚಣಿಗೆ ತೋರಿಸುತ್ತಿದ್ದರು. “ಒಂದಾದ್ರೂ ಬಿಳಿ ತಲೆ ಕಾಣ್ತದಾ? ನಮ್ದು ಹುಡುಗರ ದೇಶ!” ಹೀಗೆನ್ನುತ್ತಲೇ ನನ್ನ ಕಿವಿಯ ಪಕ್ಕದ ಕೂದಲಿಗೆ ಡೈ ಹಚ್ಚುತ್ತಿದ್ದರು.

ಒಂದು ಮಳೆಗಾಲ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಘಟ್ಟದ ಕೆಳಗಿನಿಂದ ಅವರಿಗೆ ಬರುತ್ತಿದ್ದ ಡೈ ವಾರಗಟ್ಟಲೆ ಬರಲಿಲ್ಲ. ಎಸ್ಟೇಟಿನ ಸಾಹುಕಾರರು, ಮೇಸ್ತ್ರಿ, ಬಸ್ ಕಂಡಕ್ಟರ್, ಎಲ್ಲರ ತಲೆಯೂ ಬುಡದಿಂದ ಬೆಳ್ಳಗಾಗುತ್ತ ಬಂತು. ನನ್ನದಂತೂ ಕೇಳುವುದೇ ಬೇಡ.

ಕ್ಷೌರದವರು ಅಂಗಡಿಯ ಬಾಗಿಲಲ್ಲಿ ನಿಂತು ಬಸ್‌ಸ್ಟ್ಯಾಂಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು, ಒಣಗಿ ಕೂತಿದ್ದ ಡೈ ಬಟ್ಟಲನ್ನು ಎತ್ತಿ ನನಗೆ ತೋರಿಸಿದರು.

“ದೇಶದ ಪ್ರಾಯ ಇಷ್ಟು ದಿನ ಇದ್ರೊಳಗಿತ್ತಲ್ಲ ಮಾರಾಯ್ರೆ!”