ರಾಹುಕಾಲ ತಪ್ಪಿಸಿ ಹಾಕಿದ ಲಸಿಕೆ

ಮಂಡಕಳ್ಳಿಯಲ್ಲಿ ಒಂದು ಮಗುವನ್ನೂ ಬಿಡದೆ ಲಸಿಕೆ ಹಾಕಿಸುವುದು ಆಗದ ಮಾತು ಎಂದವರು ನಮ್ಮ ಆಸ್ಪತ್ರೆಯ ಡಾಕ್ಟರು. "ಸಿಟಿಯ ಗೋಕುಲಂ ಬಡಾವಣೆಯೋರು ಓದಿದೋರು, ಅವರ ಚಿಂತೆ ಇಲ್ಲ. ನಿಮ್ಮ ಹಳ್ಳಿಯೋರದ್ದೇ ತಲೆನೋವು ಕಣಮ್ಮ," ಎಂದರು. ಆ ಹಳ್ಳಿಯಲ್ಲೇ ಹುಟ್ಟಿ, ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿ ನರ್ಸ್ ಆದವಳು ನಾನು. ಹಟ ಹಿಡಿದೆ.

ಗುರುವಾರ ಮಧ್ಯಾಹ್ನದ ಶಿಬಿರಕ್ಕೆ ಯಾರೂ ಬರಲಿಲ್ಲ. ಯಾಕೆಂದು ಅವ್ವನನ್ನು ಕೇಳಿದೆ.

"ರಾವುಕಾಲದಲ್ಲಿ ಮಗೀಗೆ ಸೂಜಿ ಚುಚ್ಚುಸ್ತಾರಾ? ಬೆಳಗ್ಗೆ ಇಟ್ಕೊ, ಎಲ್ರುನೂ ನಾನೇ ಕರ್ಕೊಂಡ್ ಬತ್ತೀನಿ."

ವಿಜ್ಞಾನ ಓದಿದ ನಾನು ಪಂಚಾಂಗ ನೋಡಿ ಶಿಬಿರದ ಹೊತ್ತು ಬದಲಿಸಿದೆ. ತಾಯಂದಿರು ಸಾಲುಗಟ್ಟಿದರು. ಮುಂದಿನ ತಿಂಗಳುಗಳಲ್ಲೂ ಬಂದರು. ಒಂದು ಮಗುವೂ ಉಳಿಯಲಿಲ್ಲ.

ಗೋಕುಲಂನಲ್ಲಿ ಮಾತ್ರ, ಗೋಡೆಗೆ ಎರಡು ಡಿಗ್ರಿ ತೂಗುಹಾಕಿಕೊಂಡಿದ್ದ ತಾಯಿಯೊಬ್ಬರು ಲಸಿಕೆಗೆ ಕರೆಯಲು ಹೋದ ನನ್ನನ್ನು ಬಾಗಿಲಲ್ಲೇ ತಡೆದರು: "ನಮ್ಮ ಪಾಪೂಗೆ ಇಂಜೆಕ್ಷನ್ ಎಲ್ಲ ಬೇಡ ಕಣ್ರೀ, ಯೂಟ್ಯೂಬಲ್ಲಿ ನೋಡಿದೀನಿ." ಅವರಿಗೆ ಯಾವ ಕಾಲವೂ ಕೂಡಿಬರಲಿಲ್ಲ.

ಕೊನೆಗೆ, ಹಳ್ಳಿಯ ಎಲ್ಲ ಮಕ್ಕಳಿಗೂ ಲಸಿಕೆ ಪೂರ್ತಿಯಾಗಿದೆ ಎಂಬ ಸರ್ಟಿಫಿಕೇಟನ್ನು ಡಾಕ್ಟರೇ ಬಂದು ನನ್ನ ಕೈಗಿತ್ತರು. ಗೋಕುಲಂನ ಕತೆ ಕೇಳಿದ್ದ ಅವ್ವ ಅವರೆದುರೇ ಮರುಗಿದಳು: "ಪಾಪ, ಆ ಜನಕ್ಕೆ ಯಾರಾದ್ರೂ ಓದಿದೋರು ಓಗಿ ಒಸಿ ಬುದ್ಧಿ ಏಳ್ಬಾರ್ದಾ ಸ್ವಾಮಿ?"