ಬಾಯಿಂದ ಒರೆಸಿದ ಕೋವಿ

ನನ್ನ ತಾತನ ಕೇಪಿನ ಕೋವಿಗೆ ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ತುಂಬಬೇಕಿತ್ತು. ಒರೆಸುವುದೂ ಬಾಯಿಂದಲೇ. ಗಜ ಎನ್ನುವ ಕಬ್ಬಿಣದ ಸರಳಿಗೆ ಬಟ್ಟೆ ಸುತ್ತಿ, ನಳಿಗೆಯೊಳಗೆ ತೂರಿಸಿ ಗಸಗಸ ಉಜ್ಜುವುದು. ಹಾಸನದಲ್ಲಿ ಕಲಿತ ಆ ಬುದ್ಧಿವಂತಿಕೆಯನ್ನು ಅಮೆರಿಕದ ಹೇವರ್ಡಿನಲ್ಲೂ ತೋರಿಸಲು ಹೋದೆ.

ಹೇವರ್ಡಿನಲ್ಲಿ ನನ್ನ ಸೋದರಮಾವ ಇದ್ದರು. ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಆ ಲೇತು, ಮತ್ತು ಗಿಲ್‌ರಾಯ್ ಆಚೆಯ ಗುಡ್ಡಗಳಲ್ಲಿ ಕಾಡುಹಂದಿ ಬೇಟೆ. ಆಗ ಡಾಟ್‌ಕಾಮ್ ಕಾಲ. ನಮ್ಮವರೆಲ್ಲ ಎಲ್ಲಿ ಸೇರಿದರೂ ಸ್ಟಾಕಿನದೇ ಜಪ, ನನ್ನ ಕಾಲೂ ನೆಲದ ಮೇಲಿರಲಿಲ್ಲ. ಆದರೆ ಭಾನುವಾರ ಮಾತ್ರ ಮಾವನ ಮನೆ. ಅವರು ಒಳಗೆ ಉಪ್ಸಾರು ಕುದಿಸುತ್ತಿದ್ದರೆ, ನಾನು ಗ್ಯಾರೇಜಿನಲ್ಲಿ ಉಕ್ಕಿನ ಸರಳು ಹಿಡಿದು ಅವರ ರೈಫಲನ್ನು ಬಾಯಿಯ ಕಡೆಯಿಂದ ಉಜ್ಜುತ್ತಿದ್ದೆ. ಹೀಗೆ ಒಂದೂವರೆ ವರ್ಷ.

ಆಮೇಲೊಂದು ದಿನ ನಾನೂ ಜೊತೆಗಿದ್ದ ಬೇಟೆಯಲ್ಲಿ ಮಾವ ಹತ್ತಿರದಿಂದಲೇ ಹೊಡೆದ ಗುಂಡು ಹಂದಿಯ ಹೊಟ್ಟೆಗೆ ಬಿತ್ತು. ಅದು ಕಿರುಚುತ್ತಾ ಪೊದೆಗೆ ನುಗ್ಗಿತು. ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. ವಾಪಸ್ ಬರುತ್ತಾ ಫ್ರೀವೇ ಹತ್ತಿದ ಮೇಲೆ ಮಾವ ಹೇಳಿದರು.

"ಕೈ ನಡುಗ್ತಾ ಇದೆ ಕಣೋ ನಂಗೆ. ಈ ಕೈ ಇಟ್ಕೊಂಡು ಇನ್ನು ಲೇತ್ ಮುಂದೆ ಹೇಗೆ ನಿಂತ್ಕೊಳ್ಳಲಿ? ಈ ರೈಫಲ್ ನೀನೇ ತಗೊಂಡ್ಹೋಗು."

ಮಾವನ ಕೈ ನಡುಗುವಂಥದ್ದಲ್ಲ ಎಂದು ನನಗೆ ಹಟ. ಮುಂದಿನ ಶನಿವಾರವೇ ರೈಫಲನ್ನು ಗುರಿ ಅಭ್ಯಾಸದ ಜಾಗಕ್ಕೆ ಒಯ್ದೆ. ಕಾಗದದ ಮೇಲೆ ದುಂಡಗೆ ಬೀಳಬೇಕಾದ ತೂತುಗಳು ಉದ್ದುದ್ದ ಬಿದ್ದಿದ್ದವು. ಗುಂಡು ಅಡ್ಡಡ್ಡ ಹೋಗುತ್ತಿತ್ತು. ಬೇರೆ ತೋಟಾ ಹಾಕಿದೆ, ರೈಫಲಿನ ಮೇಲಿನ ದುರ್ಬೀನಿನ ಸ್ಕ್ರೂ ಬಿಗಿದೆ, ಊಹೂಂ. ಕೊನೆಗೆ ಅಲ್ಲಿನ ಕೋವಿ ರಿಪೇರಿಯ ಮುದುಕ ಹತ್ತಿ ಸುತ್ತಿದ ಕಡ್ಡಿಯನ್ನು ನಳಿಗೆಯ ಬಾಯಂಚಿನ ಸುತ್ತ ಆಡಿಸಿದ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಂಚು ಅಲ್ಲಿ ಸವೆದಿದೆ, ಗುಂಡು ಹೊರಬೀಳುವಾಗ ಮದ್ದಿನ ಹೊಗೆಯ ಒತ್ತಡ ಅದೇ ಕಡೆಯಿಂದ ನುಗ್ಗಿ ಗುಂಡಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ ಎಂದ. ಇಂಥ ರೈಫಲನ್ನು ಹಿಂಬದಿಯಿಂದ ಒರೆಸಬೇಕಂತೆ, ಬಾಯಿಯ ಕಡೆಯಿಂದ ಉಜ್ಜಿದರೆ ಸರಳು ತಾಗಿ ಅಂಚು ಸವೆಯುತ್ತದಂತೆ. ಮುಂದಿನಿಂದ ಉಜ್ಜಿದವರು ಯಾರು ಎಂದು ಕೇಳಿದ. ಗೊತ್ತಿಲ್ಲ ಎಂದುಬಿಟ್ಟೆ.

ಅವತ್ತೇ ಮಾವನಿಗೆ ಫೋನ್ ಮಾಡಬೇಕಿತ್ತು. ನಾಚಿಕೆಯಾಯಿತು. ಅಷ್ಟರಲ್ಲಿ ಮಾರ್ಕೆಟ್ಟು ಬಿದ್ದು ನನ್ನ ಆಫೀಸಿನಲ್ಲೂ ಜನರನ್ನು ತೆಗೆಯತೊಡಗಿದ್ದರು. ಅದೇ ನೆಪವಾಯಿತು. ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ನಾನು ಹೇಡಿ, ಬೇರೆ ಪದ ಹುಡುಕುವುದಿಲ್ಲ.

ನಾಲ್ಕನೇ ಭಾನುವಾರ ಹೋಗಿ ಎಲ್ಲ ಹೇಳಿದೆ. ಮಾವ ಒಲೆ ಆರಿಸಿ ಕುರ್ಚಿ ಎಳೆದುಕೊಂಡರು.

"ಹಂಗಾದ್ರೆ ನನ್ನ ಕೈ?"

"ಕೈ ಸರಿಯಾಗೇ ಇತ್ತು ಮಾವ. ತಪ್ಪು ನಂದು."

ಅವರು ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿದರು.

"ಮೊನ್ನೆ ಶುಕ್ರವಾರ ಕೆಲಸಕ್ಕೆ ರಿಸೈನ್ ಮಾಡ್ಬಿಟ್ನಲ್ಲೋ."

"ವಾಪಸ್ ಕೇಳಿ ನೋಡೋಣ ಮಾವ."

"ಇರೋರ್ನೇ ಲೇಆಫ್ ಮಾಡ್ತಾ ಇದಾರೆ, ಬಿಟ್ಟೋನ್ನ ಯಾರು ಕರೀತಾರೆ?" ಎಂದರು. ಆಮೇಲೆ, ಸಿಟ್ಟೇ ಇಲ್ಲದೆ, "ಒಂದು ಫೋನ್ ಮಾಡಬಾರದಿತ್ತೇನೋ?" ಎಂದು ಕೇಳಿದರು.