ಗೀಸರಿನ ದೀಪ ಆರಿದ ಮೇಲೆ

ಇಂಥ ಸಂಗತಿಗಳನ್ನು ನಾನು ನಂಬುವವಳಲ್ಲ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಯಾರಾದರೂ ತಮ್ಮ ಅತ್ತೆಯ ಮೈಮೇಲೆ ದೇವರು ಬಂದದ್ದನ್ನೋ, ಸತ್ತ ಮಾವ ಬಾಲ್ಕನಿಯಲ್ಲಿ ನಿಂತದ್ದನ್ನೋ ಹೇಳತೊಡಗಿದರೆ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದೆ. ಎಷ್ಟೋ ಸಲ ನಿಜವಾಗಿಯೂ ನಿದ್ದೆ ಬರುತ್ತಿತ್ತು. ಈಗ ಅದೇ ಡಬ್ಬಿಯಲ್ಲಿ ಹೇಳಬಹುದಾದ ಒಂದು ಸಂಗತಿ ನನ್ನ ಹತ್ತಿರವೂ ಇದೆ. ಅಲ್ಲಿ ಹೇಳಲು ಮನಸ್ಸಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಂಬಿಸುವಷ್ಟು ತ್ರಾಣವೂ ಇಲ್ಲ.

ಆರು ವರ್ಷದ ಹಿಂದಿನ ಮಾತು. ನಾವು ಧಾರವಾಡದ ಕಡೆಯವರು. ಅಪ್ಪ ಕೆಲಸಕ್ಕೆಂದು ಮುಂಬಯಿಗೆ ಬಂದು ಆಂಟಾಪ್ ಹಿಲ್‌ನಲ್ಲಿ ಮನೆ ಮಾಡಿದ್ದರು. ನಾನು ಹುಟ್ಟಿ ಬೆಳೆದದ್ದು, ಮದುವೆಯಾಗದೆ ಉಳಿದದ್ದು, ಆಫೀಸಿಗೆ ಹೋಗಿ ಬಂದದ್ದು ಎಲ್ಲ ಅಲ್ಲಿಯೇ. ಅಪ್ಪ ತೀರಿಕೊಂಡ ಮರುವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅದಕ್ಕಿಂತ ಕಷ್ಟದ್ದೆಂದರೆ ಆ ಬದಿಯ ಚರ್ಮಕ್ಕೆ ಬಿಸಿ, ತಂಪು ಯಾವುದೂ ತಿಳಿಯದಾಯಿತು. ಮಾತು ಕೂಡ ದಿನಕ್ಕೆ ಎರಡೋ ಮೂರೋ ಶಬ್ದಕ್ಕೆ ಬಂದು ನಿಂತಿತು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಡಾಕ್ಟರರ ಹತ್ತಿರ ಒಯ್ಯಬೇಕಾದಾಗಲೆಲ್ಲ ಬಿಲ್ಡಿಂಗಿನ ನಾಲ್ವರನ್ನು ಕರೆದು, ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಿತ್ತು. ಐದನೇ ಸಲಕ್ಕೆ ಆ ನಾಲ್ವರಲ್ಲಿ ಇಬ್ಬರು ಬಾಗಿಲು ತೆರೆಯಲಿಲ್ಲ. ಅವರನ್ನು ಬೈಯಲಾರೆ. ಆ ಮನೆ ಬಿಟ್ಟು, ಲಿಫ್ಟ್ ಇದೆ ಎಂಬ ಒಂದೇ ಕಾರಣಕ್ಕೆ, ಮಲಾಡಿನ ಒಂದು ಸೊಸೈಟಿಯ ಏಳನೇ ಮಹಡಿಗೆ ಬಂದೆವು.

ಹೊಸ ಮನೆಯ ಬಚ್ಚಲಿನಲ್ಲಿ ಹಿಂದಿನವರು ಬಿಟ್ಟುಹೋದ ಒಂದು ದೊಡ್ಡ ಸ್ಟೋರೇಜ್ ಗೀಸರ್ ಇತ್ತು. ತಲೆಗಿಂತ ಎತ್ತರದಲ್ಲಿ, ಬಿಳಿ ಡೊಳ್ಳು ಹೊಟ್ಟೆ ಬಿಟ್ಟುಕೊಂಡು ಗೋಡೆಗೆ ತೂಗುತ್ತಿತ್ತು. ಕೆಳಗೆ ಒಂದು ತಿರುಗುವ ಗುಂಡಿ, ಅದರ ಸುತ್ತಲಿನ ಅಂಕಿಗಳು ಅಳಿಸಿಹೋಗಿದ್ದವು. ಗುಂಡಿಯ ಪಕ್ಕ ಒಂದು ಕೆಂಪು ದೀಪ. ನಮಗೆ ಗೀಸರಿನ ಪರಿಚಯವೇ ಇರಲಿಲ್ಲ. ಆಂಟಾಪ್ ಹಿಲ್‌ನಲ್ಲಿ ನಲವತ್ತು ವರ್ಷ ಬಕೆಟ್ಟಿಗೆ ರಾಡ್ ಇಳಿಬಿಟ್ಟು ನೀರು ಕಾಯಿಸಿದವರು ನಾವು. ರಾಡಿನ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಆ ಬಕೆಟ್ಟಿಗೆ ಕೈ ಹಾಕಿದರೆ ಪ್ರಾಣ ಹೋಗುತ್ತದೆ ಎಂದು ಚಿಕ್ಕಂದಿನಲ್ಲೇ ಹೆದರಿಸಿಟ್ಟಿರುತ್ತಾರೆ. ನೀರನ್ನು ಮುಟ್ಟಿ ನೋಡುವ ರೂಢಿ ನಮ್ಮ ಕೈಗೆ ಇರುವುದಿಲ್ಲ. ದೀಪ ನೋಡುತ್ತೇವೆ, ಗಡಿಯಾರ ನೋಡುತ್ತೇವೆ. ಸ್ವಿಚ್ಚಿನ ದೀಪ ಉರಿಯುತ್ತಿದ್ದರೆ ನೀರು ಕಾಯುತ್ತಿದೆ, ಆರಿದ್ದರೆ ಕರೆಂಟ್ ಹೋಗಿದೆ, ನೀರು ತಣ್ಣಗಿದೆ. ಇದು ನಮ್ಮ ಶಾಸ್ತ್ರ.

ಆ ಶಾಸ್ತ್ರವನ್ನೇ ಮಲಾಡಿಗೂ ತಂದೆ. ಬಂದ ಮೂರನೇ ದಿನ ನೋಡಿದರೆ ಗೀಸರಿನ ದೀಪ ಆರಿತ್ತು. ಕರೆಂಟ್ ಹೋಗಿ ಬಂದಿರಬೇಕು, ನೀರು ಉಗುರುಬೆಚ್ಚಗೂ ಆಗಿಲ್ಲ ಎಂದುಕೊಂಡು, ತಣ್ಣೀರು ಬೆರೆಸುವ ಗೋಜಿಗೆ ಹೋಗದೆ ಅವ್ವನ ಬಲಗಾಲಿನ ಮೇಲೆ ಒಂದು ಮಗ್ ಹಾಕಿದೆ. ಅವ್ವನಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿದದ್ದು ಸಂಜೆ, ಸೀರೆ ಸರಿಪಡಿಸುವಾಗ ತೊಡೆಯ ಮೇಲೆ ಅಂಗೈ ಅಗಲದ ಕೆಂಪು ಮಚ್ಚೆ ಕಂಡಾಗ. ಡಾಕ್ಟರರು ಹೆಚ್ಚೇನೂ ಬೈಯಲಿಲ್ಲ. ಈ ವಯಸ್ಸಿನಲ್ಲಿ, ಈ ಸಕ್ಕರೆ ಕಾಯಿಲೆಯಲ್ಲಿ, ಇನ್ನೊಂದು ಸಲ ಇದಕ್ಕಿಂತ ದೊಡ್ಡದಾಗಿ ಸುಟ್ಟರೆ ಗಾಯ ಮಾಯುವುದಿಲ್ಲ, ಅವರನ್ನು ಉಳಿಸಿಕೊಳ್ಳುವುದು ಕಷ್ಟ ಎಂದಷ್ಟೇ ಹೇಳಿದರು.

ಮರುದಿನವೇ ಸೊಸೈಟಿಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಬಿಹಾರದ ಕಡೆಯ, ನಿಧಾನ ಸ್ವಭಾವದ ಮನುಷ್ಯ. ಸ್ಟೂಲಿನ ಮೇಲೆ ನಿಂತು ಗುಂಡಿಯನ್ನು ಆಚೆ ಈಚೆ ತಿರುಗಿಸಿ ತೋರಿಸಿದ. "ಮೇಡಂ, ಬತ್ತಿ ಬುಝೀ ಮತಲಬ್ ಪಾನಿ ತೈಯಾರ್," ಎಂದ. ದೀಪ ಆರಿತೆಂದರೆ ನೀರು ಪೂರ್ತಿ ಕಾದಿದೆ ಎಂದರ್ಥ. ನಾನು ಯಾವುದನ್ನು ತಣ್ಣೀರಿನ ಗುರುತು ಎಂದುಕೊಂಡಿದ್ದೆನೋ ಅದೇ ಎಲ್ಲಕ್ಕಿಂತ ಅಪಾಯದ ಗಳಿಗೆಯಾಗಿತ್ತು. ಗುಂಡಿ ಎಡಕ್ಕಿದ್ದರೆ ನೀರು ಬೆಚ್ಚಗಾಗುತ್ತಲೇ ನಿಲ್ಲುತ್ತದೆ, ಬಲಕ್ಕೆ ಕೊನೆವರೆಗೆ ತಿರುಗಿಸಿದರೆ ಕುದಿಯುವ ಹತ್ತಿರ ಹೋಗಿ ನಿಲ್ಲುತ್ತದೆ, ಆ ನೀರಿಗೆ ತಣ್ಣೀರು ಬೆರೆಸಿದರೆ ಇಬ್ಬರು ಮೂವರ ಸ್ನಾನಕ್ಕೆ ಸಾಕಾಗುತ್ತದೆ ಎಂದು ವಿವರಿಸಿದ. ಎಡಗಡೆ ಒಂದು ಜಾಗದಲ್ಲಿ ಗುಂಡಿ ನಿಲ್ಲಿಸಿ ಪೆನ್ನಿನಿಂದ ಗುರುತು ಹಾಕಿಸಿಕೊಂಡೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಆಮೇಲೆ ನನ್ನ ಕೈ, ಕೊನೆಗೆ ಅವ್ವ ಎಂದು ಚೀಟಿ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದೆ. ಹಗಲಲ್ಲಿ ಅವ್ವನನ್ನು ನೋಡಿಕೊಳ್ಳಲು ಬರುತ್ತಿದ್ದ ಸುನಂದಾಬಾಯಿಗಾಗಿ ಅದನ್ನೇ ಮರಾಠಿಯಲ್ಲೂ ಬರೆದೆ.

ನಾಲ್ಕು ತಿಂಗಳು ಹೀಗೆಯೇ ನಡೆಯಿತು. ರಾತ್ರಿ ಎರಡೆರಡು ತಾಸಿಗೊಮ್ಮೆ ಎದ್ದು ಅವ್ವನ ಮಗ್ಗುಲು ಬದಲಿಸುವುದು, ಬೆಳಿಗ್ಗೆ ಸ್ನಾನ ಮಾಡಿಸುವುದು, ಸುನಂದಾಬಾಯಿ ಬಂದ ಕೂಡಲೇ ಸ್ಟೇಷನ್ನಿಗೆ ಓಡುವುದು, ಸಂಜೆ ಜೋತುಬಿದ್ದು ವಾಪಸು ಬರುವುದು. ಬೆಳಗಾವಿಯಲ್ಲಿರುವ ತಂಗಿ ದಿನಾ ಫೋನ್ ಮಾಡಿ ಅವ್ವನಿಗೆ ಏನೇನು ತಿನ್ನಿಸಬೇಕೆಂದು ಸಲಹೆ ಕೊಡುತ್ತಿದ್ದಳು. ಸಲಹೆಗೇನು ಬರ. ಬಂದು ನಾಲ್ಕು ದಿನ ಇರು ಎಂದರೆ ಅವಳ ಮಗಳ ಪರೀಕ್ಷೆ ಎಂದೂ ಮುಗಿಯುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ದುಃಖವಾಗಲಿ ಸಿಟ್ಟಾಗಲಿ ಬರುತ್ತಿರಲಿಲ್ಲ, ಬರೀ ಸುಸ್ತು.

ಅಷ್ಟರಲ್ಲಿ ದೀಪಾವಳಿ ಬಂತು. ಸುನಂದಾಬಾಯಿ ನಾಲ್ಕು ದಿನ ರಜೆ ಹಾಕಿ ಸಾತಾರಾದ ಕಡೆ ತನ್ನ ಊರಿಗೆ ಹೋದಳು. ನಮ್ಮ ಕಡೆ ಹಬ್ಬ ಶುರುವಾಗುವುದೇ ನೀರು ತುಂಬುವ ಹಬ್ಬದಿಂದ. ಆ ದಿನ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುವುದು. ಮರುದಿನ ಬೆಳಕು ಹರಿಯುವ ಮೊದಲೇ ಎಣ್ಣೆ ಹಚ್ಚಿ ಎರೆದುಕೊಳ್ಳುವುದು. ಈ ಸಲ ಅದೆಲ್ಲ ಬೇಡ ಎಂದು ನಾನು ಅಂದುಕೊಂಡಿದ್ದೆ. ಆದರೆ ಆ ಸಂಜೆ ಅವ್ವ ಮಂಚದಿಂದಲೇ ಎಡಗೈ ಎತ್ತಿ ಬಚ್ಚಲನ್ನು ತೋರಿಸಿ, "ಹಂಡೇವು, ಹಂಡೇವು," ಎಂದು ಅಳತೊಡಗಿದಳು. ಹಂಡೆ ಎಲ್ಲಿಂದ ತರಲಿ? ಗೀಸರನ್ನೇ ಒರೆಸಿ, ಅದರ ಹೊಟ್ಟೆಗೆ ಸುಣ್ಣ ಕುಂಕುಮದ ಐದು ಪಟ್ಟೆ ಎಳೆದೆ. ಮಾರ್ಕೆಟ್ಟಿನಿಂದ ಚೆಂಡು ಹೂವಿನ ದಪ್ಪ ಮಾಲೆ ತಂದು ಎರಡು ಸುತ್ತು ಸುತ್ತಿದೆ. ಎಣ್ಣೆಸ್ನಾನಕ್ಕೆ ಇಬ್ಬರಿಗೂ ಹೆಚ್ಚು ನೀರು ಬೇಕಲ್ಲ ಎಂದು ಗುಂಡಿಯನ್ನು ಬಲಕ್ಕೆ ಕೊನೆವರೆಗೂ ತಿರುಗಿಸಿದೆ. ಗಾಲಿಕುರ್ಚಿಯಲ್ಲಿ ಕೂರಿಸಿ ಕರೆತಂದು ತೋರಿಸಿದಾಗ ಅವ್ವ ಎಡಗೈಯೊಂದರಿಂದಲೇ ಗೀಸರಿಗೆ ನಮಸ್ಕಾರ ಮಾಡಿದಳು. ಎಷ್ಟೋ ದಿನಗಳ ಮೇಲೆ ನನಗೆ ನಗು ಬಂತು.

ಮಾಲೆ ಸುತ್ತಿದ್ದರಿಂದ ಕೆಂಪು ದೀಪ ಹೂವಿನ ಹಿಂದೆ ಮುಚ್ಚಿಹೋಗಿತ್ತು. ಅದನ್ನು ನಾನು ಗಮನಿಸಲಿಲ್ಲ.

ಆ ರಾತ್ರಿ ಅವ್ವ ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ನಸುಕಿನ ನಾಲ್ಕಕ್ಕೆ ಗೀಸರಿನ ಸ್ವಿಚ್ ಹಾಕಿ, ಒಂದೈದು ನಿಮಿಷ ಎಂದು ಕುರ್ಚಿಗೊರಗಿದವಳು ಕೆಳಗಿನ ಪಟಾಕಿ ಸದ್ದಿಗೆ ಎದ್ದಾಗ ಐದೂವರೆ ದಾಟಿತ್ತು. ಅವಸರದಲ್ಲಿ ಅವ್ವನನ್ನು ಬಚ್ಚಲಿಗೆ ಕರೆತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೆತ್ತಿ, ಬೆನ್ನು, ಕೈಕಾಲಿಗೆಲ್ಲ ಎಣ್ಣೆ ತಿಕ್ಕಿದೆ. ಗೀಸರಿನ ನಲ್ಲಿ ಬಿಟ್ಟು ಒಂದು ಬಕೆಟ್ ತುಂಬಿಸಿದೆ. ತಣ್ಣೀರಿನ ಬಕೆಟ್ಟು ಪಕ್ಕದಲ್ಲೇ ಇತ್ತು, ಅದನ್ನು ಬೆರೆಸಲಿಲ್ಲ. ಕೈಯಿಟ್ಟೂ ನೋಡಲಿಲ್ಲ. ಬಾಗಿಲ ಮೇಲಿನ ಚೀಟಿ ಕಣ್ಣೆದುರೇ ಇತ್ತು. ನಮ್ಮ ಮನೆಯಲ್ಲಿ ಹಬ್ಬದ ಮೊದಲ ನೀರನ್ನು ಬಲ ಹೆಗಲಿಗೇ ಹಾಕುವ ಪದ್ಧತಿ. ಮಗ್ ತುಂಬ ನೀರು ಎತ್ತಿ ಅವ್ವನ ಬಲ ಹೆಗಲಿಗೆ ಸುರಿದೆ. "ಹದಾ ಐತಿ," ಎಂದಳು ಅವ್ವ, ತಿಂಗಳುಗಳಿಂದ ಕೇಳದಷ್ಟು ಸ್ಪಷ್ಟವಾಗಿ.

ಎರಡನೇ ಮಗ್ ಸುರಿದೆ. ಮೂರನೆಯದನ್ನು ತುಂಬುವಾಗ ಎಣ್ಣೆಗೈಯಿಂದ ಮಗ್ ಜಾರಿ ಬಕೆಟ್ಟಿನ ತಳಕ್ಕೆ ಹೋಯಿತು. ತೆಗೆಯಲೆಂದು ಮಣಿಕಟ್ಟಿನವರೆಗೂ ಕೈ ಅದ್ದಿದೆ.

ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೈ ಬೆಂದುಹೋಗಿತ್ತು. ನಾಲ್ಕೂ ಬೆರಳುಗಳ ಮೇಲೆ ನೋಡನೋಡುತ್ತಲೇ ಚರ್ಮ ಉಬ್ಬಿ ಬಂತು. ಆ ಉರಿಯಲ್ಲೂ ನನಗೆ ಮೊದಲು ಹೊಳೆದದ್ದು ಅವ್ವನ ಹೆಗಲು. ತಣ್ಣೀರಿನ ಬಕೆಟ್ಟನ್ನು ಎಡಗೈಯಲ್ಲಿ ಎಳೆದು ಅಷ್ಟನ್ನೂ ಅವಳ ಮೇಲೆ ಸುರಿದುಬಿಟ್ಟೆ. ಟವೆಲ್ಲಿನಿಂದ ಒತ್ತಿ, ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ, ಹೆಗಲು, ತೋಳು, ಪಕ್ಕೆ, ಬೆನ್ನು ಇಂಚಿಂಚೂ ನೋಡಿದೆ. ಒಂದು ಕೆಂಪು ಗೆರೆಯೂ ಇರಲಿಲ್ಲ. ಸಂಜೆ ನೋಡಿದೆ, ಮರುದಿನ ನೋಡಿದೆ, ಎಂಟು ದಿನ ನೋಡಿದೆ. ಏನೂ ಇರಲಿಲ್ಲ. ನನ್ನ ಕೈಗೆ ಮಾತ್ರ ಮೂರು ವಾರ ಪಟ್ಟಿ ಕಟ್ಟಿಸಿಕೊಳ್ಳಬೇಕಾಯಿತು.

ವಿವರಣೆಗಳನ್ನು ನಾನೂ ಹುಡುಕಿದ್ದೇನೆ. ಮೈಗೆ ಹಚ್ಚಿದ ಎಣ್ಣೆ ಕಾಪಾಡಿರಬಹುದು ಎಂದರು ಡಾಕ್ಟರರು. ನನ್ನ ಕೈಗೂ ಅದೇ ಎಣ್ಣೆ ಹತ್ತಿತ್ತಲ್ಲ ಎಂದಾಗ ಅವರು ಮುಲಾಮು ಬರೆದುಕೊಟ್ಟರು. ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬಂದಿರುತ್ತದೆ ಎಂದ ಎಲೆಕ್ಟ್ರಿಷಿಯನ್. ಆದರೆ ನಾನು ನೀರು ತೆಗೆದದ್ದು ತುಂಬಿದ ಬಕೆಟ್ಟಿನ ಮೇಲ್ಭಾಗದಿಂದ, ಎರಡು ಮಗ್. ಕೈ ವಾಸಿಯಾದ ಮೇಲೆ ಒಂದು ಭಾನುವಾರ ಗುಂಡಿಯನ್ನು ಹಾಗೆಯೇ ಬಲಕ್ಕೆ ತಿರುಗಿಸಿ, ಒಂದೂವರೆ ತಾಸು ಬಿಟ್ಟು, ಬಕೆಟ್ ತುಂಬಿಸಿ, ಮಗ್ಗಿನಿಂದ ನನ್ನ ಎಡಗಾಲಿನ ಮೇಲೆ ಸ್ವಲ್ಪವೇ ನೀರು ಸುರಿದು ನೋಡಿದೆ. ಬೊಬ್ಬೆ ಎದ್ದಿತು. ತಂಗಿಗೆ ಹೇಳಿದಾಗ ಅವಳು ಫೋನಿನಲ್ಲೇ ಅತ್ತು, ಎಲ್ಲ ಅಪ್ಪನ ಆಶೀರ್ವಾದ, ನೀ ಏನೂ ಮನಸ್ಸಿಗೆ ಹಚ್ಕೋಬ್ಯಾಡ ಅಂದಳು. ಇರಬಹುದು.

ಇಷ್ಟನ್ನೂ ನಾನು ಅವರೆಲ್ಲರಿಗೂ ಹೇಳಿದ್ದೇನೆ. ಹೇಳದೆ ಇಟ್ಟುಕೊಂಡದ್ದು ಬೇರೆ ಇದೆ, ಅದಕ್ಕಾಗಿ ಮೇಲೆ ಬರೆದದ್ದನ್ನು ಸ್ವಲ್ಪ ತಿದ್ದಬೇಕು. ತಣ್ಣೀರು ಬೆರೆಸಲಿಲ್ಲ ಎಂದೆ. ನಿದ್ದೆಗೆಟ್ಟವಳ ಮರೆವು ಎಂದು ಎಲ್ಲರೂ ತಿಳಿದರು, ನಾನೂ ಹಾಗೆಯೇ ತಿಳಿಯಲು ಬಿಟ್ಟೆ. ಅದು ಮರೆವಾಗಿರಲಿಲ್ಲ. ಬಕೆಟ್ಟಿನಿಂದ ಹಬೆ ಏಳುತ್ತಿದ್ದದ್ದು ನನಗೆ ಕಂಡಿತ್ತು. ತಣ್ಣೀರಿನ ಬಕೆಟ್ಟು ಕಾಲಿಗೆ ತಾಗುತ್ತಿತ್ತು. ಅದನ್ನು ಎತ್ತಲು ಬಾಗಬೇಕಿತ್ತು, ಅಷ್ಟೇ. ಇನ್ನು ನನ್ನಿಂದಾಗದು, ಏನು ಬೇಕಾದರೂ ಆಗಲಿ ಎಂದು ಅನಿಸಿತು. ಹಾಗೆ ಅನಿಸಿದ್ದು ಒಂದು ಕ್ಷಣ ಇರಬಹುದು, ಆ ಕ್ಷಣದಲ್ಲೇ ಮಗ್ ಎತ್ತಿದೆ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಹಬೆ ಕಂಡಿರಬೇಕು. "ಹದಾ ಐತಿ," ಎಂದು ಅವಳು ಹೇಳಿದ್ದು ನೀರು ಬೀಳುವ ಮೊದಲೇ, ಮಗ್ ಇನ್ನೂ ನನ್ನ ಕೈಯಲ್ಲಿದ್ದಾಗ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಆ ಬೆಳಗಿನ ನಂತರವೂ ನಾಲ್ಕು ವರ್ಷ ದಿನಾ ಸ್ನಾನ ಮಾಡಿಸಿದೆ, ಕೇಳುವ ಧೈರ್ಯ ಒಂದು ದಿನವೂ ಬರಲಿಲ್ಲ. ಆ ಮಾತನ್ನು ಅವಳು ನನಗೆ ಹೇಳಿದಳೋ, ನೀರಿಗೆ ಹೇಳಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ.